ಹೆದರಿಕಿ ಕಥಿಗಿ ಹೂಂ ಅನ್ನೋ ನೌಕರಿ

ನಾ ರಿಟೈರ್ ಆದಾಗ ನನಗ ಮೀಸಿ ಇನ್ನೂ ಪೂರಾ ಬಂದಿದ್ದಿಲ್ಲ. ಆದ್ರ ಅನುಭವದಾಗ ನಾ ಅಜ್ಜ. ಅದಕ್ಕ ಈ ಲೈನಿಗಿ ಹೊಸದಾಗಿ ಬರೋ ಹುಡುಗ್ರು ಹುಡುಗ್ಯಾರು ಚೊಲೋತ್ನಂಗ ಕುಂತು ಕೇಳ್ರಿ. ಪ್ರಮೋಷನ್ ಬಗ್ಗಿ ನಾ ಏನೂ ಹೇಳಂಗಿಲ್ಲ, ಯಾಕಂದ್ರ ಈ ನೌಕರ್ಯಾಗ ಪ್ರಮೋಷನ್ನ ಇಲ್ಲ. ಹೂಂ ಅನ್ನಾಂವ ಮುಂದ ಏನಾಗ್ತಾನ? ಹೌದು ಅನ್ನಾಂವ ಆಗ್ತಾನೇನು?

ನನ್ನ ಕೆಲಸ ಹೆದರಿಕಿ ಕಥಿಗಿ ಹೂಂ ಅನ್ನೋದು. ನಗಬ್ಯಾಡ್ರಿ. ನಮ್ಮ ಕಡಿ ಯಾರರೆ ಕಥಿ ಹೇಳಬೇಕಂದ್ರ ಎದುರಿಗಿ ಒಬ್ರು ಹೂಂ ಅಂತಿರಬೇಕು. ಹೂಂ ನಿಂತ್ರ ಕಥಿ ನಿಂತಂಗ. ಹೇಳಾಕಿ "ಮಕ್ಕೊಂಡ್ಯೇನು?" ಅಂತ ಕೇಳಿ, ಕಥ್ಯಾಗಿನ ರಾಜಕುಮಾರಿನ್ನ ರಾಕ್ಷಸನ ಕೈಯಾಗ ಬಿಟ್ಟು ತಾನೂ ಮಕ್ಕೊಂಡುಬಿಡ್ತಾಳ. ಕಲ್ಲೂರಾಗ ನಮ್ಮ ಅಜ್ಜಿ ಕಥಿ ಹೇಳಾಕ ಕುಂತ್ರ ಮಂದಿ ಹೂಂ ಅಂದು ಅಂದು ದಣಿದುಹೋಗ್ತಿದ್ರು, ಆಮ್ಯಾಲ ಹಿತ್ತಲದಾಗಿನ ಎಮ್ಮಿ ಹೂಂ ಅಂತಿತ್ತು. ಇದರಾಗ ಜರಾ ಸುಳ್ಳದ. ಅದು ಎಮ್ಮಿ ಅಲ್ಲ, ನಮ್ಮ ಮಾಮಾ.

ನೌಕರಿ ಸಿಕ್ಕದ್ದು ಹಿಂಗ. ಪಿಯುಸಿ ಓದಾಕಂತ ರಾಯಚೂರಾಗ ನಾನೊಂದು ಖೋಲಿ ಹಿಡದಿದ್ನಿ. ಅಪ್ಪ ಇಲ್ಲ. ಅವ್ವ ದೇವದುರ್ಗದಾಗ ದವಾಖಾನಿ ನರ್ಸು, ಡ್ಯೂಟಿ ಬಿಟ್ಟು ಬರಾಕ ಆಗಂಗಿಲ್ಲ. ಹಿಂಗಾಗಿ ಖೋಲ್ಯಾಗ ನಾನು, ಒಂದು ಸ್ಟೋವು, ಒಂದು ಟೇಬಲ್ ಫ್ಯಾನು. ಫ್ಯಾನಿನ ಜೊತಿ ಬಾಳ ಮಾತಾಡ್ತಿದ್ನಿ. ಅದು ಎಡಕ್ಕೊಮ್ಮಿ ಬಲಕ್ಕೊಮ್ಮಿ ತಲಿ ಆಡಸ್ತಿತ್ತು. ಅಂದ್ರ ನನ್ನ ಒಂದು ಮಾತಿಗೂ ಒಪ್ಪಿಲ್ಲ ಅದು.

ಮಾತಿನ ಹಸಿವಿ ತಡೀಲಾರದಂಗ ಆದಾಗ ಖಾಜಾ ಭಾಯ್ ಅಂಗಡಿಗಿ ಹೋಗ್ತಿದ್ನಿ. ಖಾಜಾ ಭಾಯ್ ಬಸ್‌ ಸ್ಟ್ಯಾಂಡ್ ಕಡಿ ಮೊಬೈಲ್ ರಿಪೇರಿ ಮಾಡ್ತಾನ. ಜೊತಿಗಿ ಇಂಟರ್ನೆಟ್‌ನ್ಯಾಗ ಹೆದರಿಕಿ ಕಥಿಗಳ ಚಾನೆಲ್ ಒಂದು ನಡಸ್ತಾನ, ಬರೇ ದನಿ, ಚಿತ್ರ ಇಲ್ಲ. ನಾನು ಚಂದಾಗಿದ್ದ ಫೋನ್ ಒಯ್ದು, "ಭಾಯ್, ಇದು ಜರಾ ಬ್ಯಾಸರ ಮಾಡಿಕೊಂಡದ ನೋಡ್ರಿ" ಅಂತಿದ್ನಿ. ಆತ ಬಿಚ್ಚಿ, ಒಳಗ ಊದಿ, ಮುಚ್ಚಿ ಕೊಡ್ತಿದ್ದ. ಕೆಟ್ಟದ್ದು ಫೋನ್ ಅಲ್ಲ ಅಂತ ಆತನಿಗೂ ಗೊತ್ತಿತ್ತು.

ಒಂದಿನ ಅಲ್ಲಿ ವಸುಧಾ ಮೇಡಂ ಬಂದ್ರು. ಮಾನ್ವಿ ಕಾಲೇಜಿನ್ಯಾಗ ಇಂಗ್ಲಿಷ್ ಕಲಸ್ತಾರ, ರಾಯಚೂರಿಂದ ದಿನಾ ಬಸ್ಸಿಗಿ ಹೋಗಿ ಬರ್ತಾರ. ಖಾಜಾ ಭಾಯ್‌ಗೂ ಕಲಿಸಿದವರ. ಮದಿವಿ ಮಾಡಿಕೊಂಡಿಲ್ಲ, ಅಕ್ಕನ ಜೊತಿ ಬಾಡಿಗಿ ಮನ್ಯಾಗ ಇದ್ರು. ಅಕ್ಕ ಹೋದ ವರ್ಷ ತೀರಿಕೊಂಡಿದ್ರು. ಸುಮ್ಮ ಕುಂದ್ರಬಾರ್ದು ಅಂತ ಖಾಜಾ ಭಾಯ್ ಅವರನ್ನ ತನ್ನ ಚಾನೆಲ್‌ಗಿ ಕಥಿ ಹೇಳಾಕ ಕರದಿದ್ದ.

"ಖಾಜಾ, ನನ್ನ ಕೈಲೆ ಆಗಂಗಿಲ್ಲೋ" ಅಂದ್ರು ಮೇಡಂ. "ಮೈಕಿನ ಮುಂದ ಕುಂತ್ರ ಬಾಯಿನ ಬರವಲ್ದು. ಎದುರಿಗಿ ಹೂಂ ಅನ್ನೋರ ಇಲ್ಲ."

"ಮೇಡಂ, ಮೈಕ್ ಹೂಂ ಅನ್ನಂಗಿಲ್ರಿ. ಚೈನಾ ಮಾಲು ಅದು, ಅದಕ್ಕ ಕನ್ನಡ ಬರಂಗಿಲ್ಲ."

"ಸಣ್ಣಾಕಿ ಇದ್ದಾಗಿಂದ ನಮ್ಮಕ್ಕ ಅಂತಿದ್ಳು. ನಾ ಹೇಳಾದು, ಅಕಿ ಹೂಂ ಅನ್ನಾದು."

ನಾನು ಮೂಲ್ಯಾಗ ಸ್ಟೂಲ್ ಮ್ಯಾಲ ಕುಂತು ಕೇಳಾಕತ್ತಿದ್ನಿ. ಕೇಳ್ತಾ ಕೇಳ್ತಾ ನನಗ ಗೊತ್ತಿಲ್ಲದಂಗ "ಹೂಂ" ಅಂದ್ನಿ.

ಮೇಡಂ ಗಕ್ಕನ ತಿರುಗಿದ್ರು. "ಇನ್ನೊಮ್ಮಿ ಅನ್ನು."

"ಹೂಂ."

"ಯಾರೋ ಇಂವ?"

"ನಮ್ಮ ಗಿರಾಕಿ ರೀ. ಫೋನ್ ಕೆಡಲಾರದ ಗಿರಾಕಿ."

ಇಂಟರ್ವ್ಯೂ ಮುಗೀತು. ದೇಶದಾಗ ಒಂದ ಒಂದು ಅಕ್ಷರಕ್ಕ ಸೆಲೆಕ್ಟ್ ಆದಾಂವ ನಾನ ಇರಬೇಕು. ಪಗಾರ ಏನಂದ್ರ ಒಂದು ತಾಟು ಮಂಡಾಳ ವಗ್ಗರಣಿ, ಅಂದ್ರ ಮಂಡಕ್ಕಿ ಒಗ್ಗರಣಿ, ಜೊತಿಗಿ ಮಿರ್ಚಿ, ಚಾ.

ಮೊದಲನೇ ದಿನ ಮೇಡಂ ಮನ್ಯಾಗ ಟ್ರೇನಿಂಗು. ಹಳೇ ಕ್ಯಾಲೆಂಡರಿನ ಬೆನ್ನಿಗಿ ಪೆನ್ಸಿಲ್‌ಲೆ ಒಂದು ಗುಡ್ಡ ಬರದು, "ಇದೇನು?" ಅಂತ ಕೇಳಿದ್ರು.

"ನಮ್ಮ ರಾಯಚೂರ ಕ್ವಾಟಿ ಗುಡ್ಡ ರೀ. ಮ್ಯಾಲ ಹತ್ತಿದ್ರ ಗಾಳಿ ಚೊಲೋ ಬರ್ತದ."

"ಅಲ್ಲಪ್ಪ, ಇದು ಹೆದರಿಕಿ ಕಥಿ. ಬುಡದಾಗ ಯಾರೋ ಒಬ್ರು ಒಂದು ಹಳೇ ಮನಿಗಿ ಬರ್ತಾರ. ಅವ್ರಿಗಿ ಆ ಮನಿ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಅದಕ್ಕ ಅವ್ರ ಕಣ್ಣಿಲೆ ನಾವು ನೋಡ್ತೀವಿ. ಆಮ್ಯಾಲ ಏರು. ಮನ್ಯಾಗಿನವ್ರು ಅರ್ಧ ಹೇಳ್ತಾರ, ಅರ್ಧ ನುಂಗ್ತಾರ. ಒಂದು ಖೋಲಿ ಮುಚ್ಚಿರ್ತದ. ಒಂದು ಸಪ್ಪಳ ಬರ್ತದ, ಮೊದಲ ಅನುಮಾನ, ಆಮ್ಯಾಲ ಖರೇ. ತುದ್ಯಾಗ ಬಾಗಲಾ ತಗೀತದ. ಇಳಿಜಾರು ಲಗೂನ ಮುಗೀಬೇಕು. ಕೊನಿಗಿ ಒಬ್ರು ಉಳದಿರಬೇಕು."

"ಯಾಕ್ರಿ? ಎಲ್ಲಾರೂ ಸತ್ರ ಇನ್ನೂ ಹೆದರಿಕಿ ಅಲ್ರಿ?"

"ಎಲ್ಲಾರೂ ಸತ್ರ ಕಥಿ ನಮಗ್ಯಾರು ಹೇಳಿದ್ರು?"

ನಾನು ಮಿರ್ಚಿ ತಿಂದ್ನಿ.

"ಸಣ್ಣ ಕಥ್ಯಾಗ ಒಂದ ಗುಡ್ಡ, ಒಂದ ಖೋಲಿ, ಒಂದ ಹೆದರಿಕಿ" ಅಂದ್ರು ಮೇಡಂ. "ದಾರ್ಯಾಗ ಹೂವು ಹರಕೋತ ಕುಂದ್ರಬಾರ್ದು. ಎಲ್ಲಾ ಮಾತೂ ಆ ಬಾಗಲ ಕಡಿಗೇ ನಡೀಬೇಕು."

ನಾನು ಈ ಗುಡ್ಡಕ್ಕ ತಕ್ಕಂಗ ಹೂಂ ತಯಾರ್ ಮಾಡಿದ್ನಿ. ಬುಡದಾಗ, ಕಂಡಕ್ಟರ್ ಟಿಕೆಟ್ ಕೇಳಿದಾಗ ಅನ್ನೋವಂಥ ಸಾದಾ ಹೂಂ. ಏರಿನ್ಯಾಗ ಬಾಲ ಎತ್ತಿದ ಹೂಂ, ಅಂದ್ರ 'ಖರೇ ಏನ್ರಿ?' ಅನ್ನೋ ತರ. ಖೋಲಿ ಹತ್ರ ಬಂದಾಗ ಗಂಟಲದಾಗ ಸಿಕ್ಕೊಂಡ ಅರ್ಧಾ ಹೂಂ. ತುದಿಗಿ ಹೂಂನ ಇಲ್ಲ, ಬರೇ ಉಸಿರು. ಇಳಿಜಾರಿಗಿ ನೀರು ಕುಡದ ಎಮ್ಮಿಯಂಥ ಉದ್ದನ ಹೂಂ. ಈಗ ನಾ ಎಷ್ಟು ಪಳಗೀನಿ ಅಂದ್ರ, ಕಣ್ಣು ಮುಚ್ಚಿ ಬ್ಯಾರೆಯವರ ಒಂದು ಹೂಂ ಕೇಳಿದ್ರ ಸಾಕು, ಹೆಣ ಯಾವ ಖೋಲ್ಯಾಗದ ಅಂತ ಹೇಳಿಬಿಡ್ತೀನಿ.

ಕೆಲಸದ ಜಾಗದ ಬಗ್ಗಿ ಹೊಸಬರಿಗಿ ಒಂದು ಮಾತು. ರೆಕಾರ್ಡಿಂಗ್ ಮಾಡೋವಾಗ ಕಿಟಕಿ ಮುಚ್ಚಬೇಕು, ಕಿಟಕಿಗಿ ಕೌದಿ ಹೊಚ್ಚಬೇಕು, ಫ್ಯಾನ್ ಬಂದ್ ಮಾಡಬೇಕು. ರಾಯಚೂರಿನ ಬ್ಯಾಸಗ್ಯಾಗ, ಮಧ್ಯಾಹ್ನದಾಗ! ಕಥ್ಯಾಗ "ಮನಿಯೊಳಗ ಮಂಜಿನಂಥ ತಂಪು" ಅಂತ ಮೇಡಂ ಹೇಳ್ತಿದ್ರ, ನನ್ನ ಮೂಗಿನ ತುದಿಯಿಂದ ಬೆವರು ಚಾ ಕಪ್ಪಿನ್ಯಾಗ ಬೀಳ್ತಿತ್ತು. ಕುಡದು ನೋಡಿದ್ನಿ, ಉಪ್ಪು ಬರೋಬರ್ ಆಗಿತ್ತು.

ತಪ್ಪುಗಳೂ ಆಗ್ಯಾವ. ಒಮ್ಮಿ ಕಥಿ ತುದಿಗಿ ಬಂದದ, ಬಾಗಲಾ ತಗೀತದ, ಎಲ್ಲಾ ಗಪ್‌ಚಿಪ್. ನಾನು ಬಾಯಾಗಿಟ್ಟುಕೊಂಡಿದ್ದ ಮಂಡಾಳು ತಡೀಲಾರದ ಕಚಕ್ ಅಂತ ಕಡದುಬಿಟ್ನಿ. ನೌಕರಿ ಹೋತು ಅಂದಕೊಂಡ್ನಿ. ಖಾಜಾ ಭಾಯ್ ನೋಡಲಾರದ ಚಾನೆಲ್‌ಗಿ ಹಂಗ ಹಾಕಿಬಿಟ್ಟ. ಕೇಳಿದ ಮಂದಿ ಕಮೆಂಟ್ ಬರದಿದ್ರು, "ಎಲುಬು ಮುರಿಯೋ ಸೌಂಡ್ ಸೂಪರ್." ಮುಂದಿನ ವಾರ ಖಾಜಾ ಭಾಯ್ ತಾನ ವಗ್ಗರಣಿ ಹಿಡಕೊಂಡು ಬಂದು, "ಲೇ, ಈ ವಾರ ಎರಡು ಹೆಣ ಅವ, ಎರಡು ತಾಟು ತಿನ್ನು" ಅಂದ.

ಮಾನ್ವಿಗೂ ಹೋಗಿ ಬಂದೀನಿ. ಮೇಡಂ ಕ್ಲಾಸಿನ ಹುಡುಗ್ರಿಗಿ ಕಥಿ ಕಟ್ಟೋ ಪಾಠ ತಲಿಗಿ ಹೋಗಾಕತ್ತಿದ್ದಿಲ್ಲ. ನನ್ನನ್ನ ಕುರ್ಚಿ ಮ್ಯಾಲ ಕುಂದ್ರಿಸಿ, ತಾವು ಕಥಿ ಹೇಳಿ, ನನ್ನ ಹೂಂ ಬದಲಾದಾಗೆಲ್ಲಾ ಗುಡ್ಡದ ಮ್ಯಾಲ ಒಂದು ಗೆರಿ ಹಾಕ್ತಾ ಹೋದ್ರು. ನಡುವ ಬರೋದರೊಳಗ ಇಡೀ ಕ್ಲಾಸು ಹೂಂ ಅನ್ನಾಕ ಸುರು ಹಚ್ಚಿತು. ಪ್ರಿನ್ಸಿಪಾಲರು ಓಡಿಬಂದು, "ಕರೆಂಟ್ ಇದ್ರೂ ಜನರೇಟರ್ ಯಾಕ ಹಚ್ಚೀರಿ?" ಅಂತ ಕೇಳಿದ್ರು. ಇದು ನಾ ಹೇಳಾಕತ್ತಿದ್ದು, ನೀವು ಅರ್ಧಾ ನಂಬಿದ್ರ ಸಾಕು.

ತಿರುಗಿ ಬರೋವಾಗ ಬಸ್ಸಿನ್ಯಾಗ ಮೇಡಂ ಕಿಟಕಿ ಕಡಿ ಕುಂತಿದ್ರು. ಕಲ್ಲೂರು ದಾಟಿದ ಮ್ಯಾಲ ತಾವಾಗಿ ಒಂದು ಹೊಸ ಕಥಿ ಸುರು ಮಾಡಿದ್ರು.

"ದೇವದುರ್ಗದಾಗ ಒಂದು ಹಳೇ ಮನಿ. ಒಬ್ಬಾಕಿ ಆ ಮನಿಗಿ ಬಂದು ಒಬ್ಬಾಕಿನ ಇರ್ತಾಳ. ಹೊತ್ತು ಹೋಗಲಿ ಅಂತ ಗ್ವಾಡಿಗಿ ಕಥಿ ಹೇಳ್ತಾಳ."

"ಹೂಂ."

"ಒಂದಿನ ಮುಚ್ಚಿದ ಖೋಲಿಯೊಳಗಿಂದ ಹೂಂ ಅಂತ ಬರ್ತದ."

ನನ್ನ ಕೈಮ್ಯಾಲಿನ ಕೂದಲಾ ಎದ್ದುನಿಂತು ಕಂಡಕ್ಟರ್‌ಗಿ ಟಿಕೆಟ್ ಕೇಳಿದ್ವು. ನಾನು ಗಂಟಲದಾಗಿನ ಹೂಂ ಅಂದ್ನಿ.

"ದಿನಾ ಅಕಿ ಬಾಗಲ ಹತ್ರ ಹತ್ರ ಹೋಗಿ ಹೇಳ್ತಾಳ. ದಿನಾ ಹೂಂ ಬರ್ತದ. ಒಂದಿನ ಚಿಲಕಕ್ಕ ಕೈ ಹಚ್ತಾಳ."

ನಾ ಉಸಿರು ಬಿಗಿಹಿಡದು ಕುಂತ್ನಿ. ಮೇಡಂ ಹೊರಗಿನ ಹೊಲ ನೋಡಾಕತ್ತಿದ್ರು.

"ಆಮ್ಯಾಲ್ರಿ?"

"ಅಷ್ಟ. ಮುಂದ ಬರವಲ್ದು ನನಗ." ಕಿಟಕಿ ಕಡಿಂದ ತಿರುಗಲಾರದ ಅಂದ್ರು, "ನಮ್ಮಕ್ಕ ಹಾಸಿಗಿ ಹಿಡದಾಗ ತನ್ನ ಖೋಲ್ಯಾಗ ಮಕ್ಕೊಂಡಿರ್ತಿದ್ಳು. ನಾ ಹೊರಗ ಅಡಗಿ ಮಾಡಕೋತ ಕಥಿ ಹೇಳ್ತಿದ್ನಿ, ಅಕಿ ಒಳಗಿಂದ ಹೂಂ ಅಂತಿದ್ಳು. ಒಂದಿನ ಹೂಂ ನಿಂತಿತು. ನಿದ್ದಿ ಹತ್ಯದ ಅಂತ ತಿಳಕೊಂಡು ನಾ ರೊಟ್ಟಿ ಬಡೀಕೋತ ಇದ್ನಿ."

ಇದಕ್ಕ ಯಾವ ಹೂಂ ಅನ್ನಬೇಕಂತ ನನಗ ಯಾರೂ ಕಲಿಸಿದ್ದಿಲ್ಲ.

ಆ ಕಥಿನ ಮೇಡಂ ಬಾಗಲತನ ರೆಕಾರ್ಡ್ ಮಾಡಿಸಿದ್ರು, ಖಾಜಾ ಭಾಯ್ ಅದನ್ನ ಹಾಕಿಯೂ ಬಿಟ್ಟ. ಮಂದಿ ಹುಚ್ಚಾದ್ರು. "ಬಾಗಲಾ ತಗೀರಿ, ಬಾಗಲಾ ತಗೀರಿ" ಅಂತ ಬರಿಯೋರು, ಬೈಯೋರು. ಆದ್ರ ಮೇಡಂ ಎಷ್ಟು ಸಲ ಕುಂತ್ರೂ ಚಿಲಕದ ಹಂತ ಬಂದು ನಿಂದರ್ತಿದ್ರು. ಜಾಗ ಬದಲ ಮಾಡಿದ್ರ ಬಾಯಿ ಬಂದೀತು ಅಂತ ಖಾಜಾ ಭಾಯ್ ನಮ್ಮನ್ನ ದೇವದುರ್ಗಕ್ಕ ಕರಕೊಂಡು ಹೋದ. ಖರೇ ಹಳೇ ಮನಿ, ದಪ್ಪನ ಗ್ವಾಡಿ. ಆ ಮನಿ ಅಜ್ಜಿ ನಮ್ಮವ್ವನ ಪೇಶಂಟು, ಅದಕ್ಕ ಒಳಗ ಬಿಟ್ಟಿದ್ಳು. ಕೋಳಿಗಳನ್ನ ಹೊರಗ ಓಡಿಸಿದ್ವಿ, ಅಜ್ಜಿನ್ನ ಓಡಸಾಕ ಆಗಲಿಲ್ಲ. ಅಕಿ ನನ್ನ ಪಕ್ಕಕ್ಕ ಕುಂತು, ನನಗಿಂತ ಮೊದಲ ಹೂಂ ಅಂತಿದ್ಳು. ಹಿರೇತನದ ಮ್ಯಾಲ ನನ್ನ ನೌಕರಿ ಹೊಡಕೊಳ್ಳಾಕ ಬಂದಾಳ ಅಂತ ನನಗ ಸಿಟ್ಟು.

ಮೇಡಂ ಚಿಲಕದತನ ಬಂದು ನಿಂತ್ರು. ಅಜ್ಜಿ ಕಾದ್ಳು, ಕಾದ್ಳು, ತಡೀಲಿಲ್ಲ.

"ತಗೀಬೇ ಬಾಗಲಾ! ಏನ್ ಕಥಿ ಹೇಳ್ತಿ ನೀನು?"

"ತಗದ್ರ ಒಳಗ ಯಾರೂ ಇರಂಗಿಲ್ರಿ ಯವ್ವಾ" ಅಂದ್ರು ಮೇಡಂ. "ತಗೀದಿದ್ರ ಇರ್ತಾಳ."

ಅಜ್ಜಿ ಅವರ ಮಾರಿ ನೋಡಿದ್ಳು. "ಹಂಗಂದ್ರ ನೀ ಕಥಿ ಹೇಳಾಕತ್ತಿಲ್ಲ ಬಿಡವ್ವ. ಬಾಗಲಾ ಕಾಯಾಕತ್ತಿ."

ಖಾಜಾ ಭಾಯ್ ಮೈಕಿನ ವೈರು ಸುತ್ತಾಕ ಸುರು ಮಾಡಿದ. ನಾನು ಆ ಗ್ಯಾಪಿನ್ಯಾಗ ದವಾಖಾನಿಗಿ ಓಡಿ ಅವ್ವನ್ನ ನೋಡಕೊಂಡು ಬಂದ್ನಿ. ಅವ್ವನ ಮುಂದ ಉದ್ದ ಪಾಳಿ. ನಾ ನನ್ನ ಪರೀಕ್ಷಿ, ನನ್ನ ಖೋಲಿ, ಇಲಿ ಕಾಟ ಎಲ್ಲಾ ಹೇಳಿದ್ನಿ. ಅಕಿ ಒಬ್ಬಾತನ ತೋಳಿಗಿ ಸೂಜಿ ಹಾಕ್ಕೋತ "ಹೂಂ... ಹೂಂ" ಅಂದ್ಳು. ನಾ ಈ ಲೈನಿನ್ಯಾಂವ, ಕೇಳಿ ಅಂದ ಹೂಂ ಯಾವುದು, ಕೇಳದ ಅಂದ ಹೂಂ ಯಾವುದು ಅಂತ ನನಗ ಗೊತ್ತಾಗ್ತದ. ಒಂದು ಬಾಳೆಹಣ್ಣು ಕೊಟ್ಳು, ತಗೊಂಡು ಬಂದ್ನಿ.

ರಾಯಚೂರಿಗಿ ಬಂದ ಮ್ಯಾಲ ಖಾಜಾ ಭಾಯ್ ಹೇಳಿದ. "ಮೇಡಂ, ನಿಮಗ ಜಬರ್ದಸ್ತಿ ಮಾಡಂಗಿಲ್ಲ. ಈ ಐತವಾರ ಮುಗಸ್ರಿ. ಆಗಲಿಲ್ಲಂದ್ರ ಕಥಿ ಹೇಳೋದನ್ನ ಪೂರಾ ಬಂದ್ ಮಾಡೂಣು. ಬಾಗಲ ಮುಂದ ನಿಂದ್ರಿಸಿ ನಿಮಗ ತ್ರಾಸ ಕೊಟ್ಟಂಗ ಆಗಾಕತ್ಯದ."

"ಬಂದ್ ಮಾಡಪ್ಪ" ಅಂದ್ರು ಮೇಡಂ, ಭಾಳ ಲಗೂನ.

ಕ್ಲಾಸು ಬಿಟ್ರ ಆ ಹೆಣ್ಮಗಳು ಬಾಯಿ ಬಿಡ್ತಿದ್ದದ್ದು ಈ ರೆಕಾರ್ಡಿಂಗಿನ್ಯಾಗ ಮಾತ್ರ. ಇದೂ ನಿಂತ್ರ ಅವ್ರು ಅಕ್ಕನ ಮುಚ್ಚಿದ ಖೋಲಿ ಎದುರಿಗಿ ಸುಮ್ಮ ಕುಂದರ್ತಾರ. ನಾನು ನನ್ನ ಖೋಲ್ಯಾಗ ಸುಮ್ಮ ಕುಂದರ್ತೀನಿ. ಅದಕ್ಕ ನಾನು ಹುಷಾರಿ ತೋರಿಸಿದ್ನಿ.

"ಮೇಡಂ, ಎಡವಟ್ಟು ನಂದ ರೀ. ಹೂಂ ಒಳಗಿಂದ ಬರಬೇಕು, ನಾ ಎದುರಿಗಿ ಕುಂತು ಅಂತೀನಿ. ನನ್ನಂಥ ಚಂದನ ಹುಡುಗನ್ನ ನೋಡಕೋತ ಯಾರಿಗಿ ಹೆದರಿಕಿ ಬರ್ತದ? ನಾ ಮುಚ್ಚಿದ ಬಾಗಲ ಹಿಂದ ಕುಂದರ್ತೀನಿ."

ಮೇಡಂ ಮನ್ಯಾಗ ಮುಚ್ಚಿದ ಬಾಗಲಾ ಇದ್ದದ್ದು ಒಂದ, ಅಕ್ಕನ ಖೋಲಿದು. ಪಡಸಾಲಿ ಕಡಿಂದ ಚಿಲಕ ಹಾಕಿತ್ತು. ಹಿಂದ ಓಣಿ ಕಡಿ ಇನ್ನೊಂದು ಬಾಗಲಾ ಇತ್ತು, ಅದಕ್ಕ ಕೀಲಿ. ಮೇಡಂ ಬಾಳ ಹೊತ್ತು ನನ್ನ ನೋಡಿದ್ರು. ನನ್ನ ಮಾರಿ ಮ್ಯಾಲ ಬಾಳೆಹಣ್ಣಿನ ತುಂಡು ಇತ್ತೋ ಏನೋ. ಆಮ್ಯಾಲ ಎದ್ದು ಹೋಗಿ ಕೀಲಿಕೈ ತಂದು ಕೈಯಾಗಿಟ್ರು.

ಐತವಾರ ಮಧ್ಯಾಹ್ನ. ಮೇಡಂ ಪಡಸಾಲ್ಯಾಗ, ಸೆರಗಿಗಿ ಸಣ್ಣ ಮೈಕು. ಖಾಜಾ ಭಾಯ್ ಲ್ಯಾಪ್‌ಟಾಪ್ ಮುಂದ, ಕಿವಿಗಿ ಹೆಡ್‌ಫೋನು. ನಾನು ಹಿಂದಿನ ಬಾಗಲಲೆ ಒಳಗ ಹೋಗಿ ಮುಚ್ಚಿಕೊಂಡ್ನಿ, ಕೈಯಾಗ ವಗ್ಗರಣಿ ತಾಟು. ಒಳಗ ಒಂದು ಮಂಚ, ಮಡಚಿಟ್ಟ ಕೌದಿ, ಮಂಚದ ಬುಡಕ ಒಂದು ಜೋಡು ಹವಾಯಿ ಚಪ್ಪಲ್. ಮಂಚ ಪಡಸಾಲಿ ಬಾಗಲ ಬಾಜೂಕ ಹಾಕಿತ್ತು. ಅಕ್ಕಗ ಕಥಿ ಕೇಳಸಲಿ ಅಂತ. ತಾಟು ಕೆಳಗಿಟ್ನಿ. ಮಂಚದ ಮ್ಯಾಲ ಕುಂದ್ರಾಕ ಮನಸಾಗಲಿಲ್ಲ, ಬಾಗಲ ಹತ್ರ ನೆಲಕ್ಕ ಕುಂತ್ನಿ. ಅಷ್ಟು ಒಬ್ಬಾಂವ ಅನ್ನಿಸಿದ್ದು ನನಗ ಯಾವತ್ತೂ ಇಲ್ಲ. ನನ್ನ ಖೋಲ್ಯಾಗ ನಾನರೆ ಇರ್ತೀನಿ, ಇಲ್ಲಿ ನಾನೂ ಇದ್ದಂಗಿದ್ದಿಲ್ಲ.

ಮೇಡಂ ಸುರು ಮಾಡಿದ್ರು. ಬುಡದಿಂದ. ನಾನು ಸಾದಾ ಹೂಂ ಅಂದ್ನಿ. ಏರಿದ್ರು, ನಾನೂ ಏರಿದ್ನಿ. ದನಿ ಒಂದೊಂದ ಹೆಜ್ಜಿ ಬಾಗಲ ಹತ್ರ ಬರಾಕತ್ತಿತು. ಮೊದಲ ಕುರ್ಚ್ಯಾಗಿಂದ, ಆಮ್ಯಾಲ ನಡು ಪಡಸಾಲ್ಯಾಗಿಂದ, ಆಮ್ಯಾಲ ನನ್ನ ಕಿವಿ ಹಂತ, ನಡುವ ಒಂದು ಹಲಗಿ ಅಷ್ಟ.

"ಅಕಿ ಚಿಲಕಕ್ಕ ಕೈ ಹಚ್ಚಿದ್ಳು" ಅಂದ್ರು.

ನಾನು ಗಪ್. ಅವರೂ ಗಪ್. ಹಲಗಿ ಆ ಕಡಿ ಉಸಿರು ಕೇಳಸ್ತಿತ್ತು. ಇವತ್ತೂ ಇಲ್ಲೇ ನಿಂದರ್ತಾರ, ಮುಗೀತು ನಮ್ಮ ಇಬ್ಬರದೂ ಅಂದಕೊಂಡ್ನಿ. ಬಾಯಾಗ ಏನೇನೋ ಬಂತು, ಬರ್ರಿ ಮೇಡಂ ಅನ್ನಬೇಕು, ಹೆದರಬ್ಯಾಡ್ರಿ ಅನ್ನಬೇಕು. ಅಂದ್ರ ಕಥಿ ಮುರೀತದ. ತುಟಿ ಕಚಗೊಂಡು ಕುಂತ್ನಿ.

ಚಿಲಕ ಕಿರ್ ಅಂತು.

ಬಾಗಲಾ ತಗೀತು. ಮೇಡಂ ಹೊಸ್ತಿಲ ಮ್ಯಾಲ ನಿಂತು ಮಂಚ ನೋಡಿದ್ರು, ಕೌದಿ ನೋಡಿದ್ರು, ಚಪ್ಪಲ್ ನೋಡಿದ್ರು. ಆಮ್ಯಾಲ ನನ್ನ ನೋಡಿದ್ರು. ಅಷ್ಟು ದೊಡ್ಡ ದೇಹ ಇಟಗೊಂಡು, ಅಂಗಿ ಮ್ಯಾಲ ವಗ್ಗರಣಿ ಅರಿಷಿಣ ಕಲಿ ಮಾಡಿಕೊಂಡು, ಎದುರಿಗೇ ಕುಂತೀನಿ ನಾನು. ನನ್ನ ಕಣ್ಣಾಗ ಕಣ್ಣಿಟ್ಟು, ಸಣ್ಣ ದನ್ಯಾಗ, ಕಥಿ ಕೊನೀ ಮಾತು ಹೇಳಿದ್ರು.

"ಒಳಗ ಯಾರೂ ಇರಲಿಲ್ಲ."

ಕಥಿ ಮುಗದದ. ಇನ್ನ ಕೇಳಾಂವ ಬಾಯಿ ಬಿಡಬಾರ್ದು. ಸಣ್ಣ ಹುಡುಗ್ರಿಗೂ ಗೊತ್ತದ. ಆದ್ರ ಅವರ ಮಾರಿ ಹಂಗಿತ್ತು, ಉತ್ತರ ಕೊಡಲಾರದ ಇರಾಕ ಆಗಲಿಲ್ಲ ನನಗ.

"ಹೂಂ" ಅಂದ್ನಿ.

ಪಡಸಾಲ್ಯಾಗ ಖಾಜಾ ಭಾಯ್ "ಯಾ ಅಲ್ಲಾ!" ಅಂತ ಚೀರಿ ಹೆಡ್‌ಫೋನ್ ಕಿತ್ತೊಗದ. ಆ ಮನಷ್ಯಾಗ ನಾನು ಒಳಗ ಕುಂತದ್ದು ಗೊತ್ತು, ಆದ್ರೂ ಲ್ಯಾಪ್‌ಟಾಪ್ ಸಮೇತ ಹಿಂದಕ್ಕ ಬಿದ್ದ. ಮೇಡಂ ಬಾಯಿಗಿ ಸೆರಗು ಹಿಡಕೊಂಡ್ರು. ಅಳಾಕತ್ಯಾರ ಅಂತ ತಿಳಕೊಂಡ್ನಿ. ನಗಾಕತ್ತಿದ್ರು. ನಕ್ಕು ನಕ್ಕು ನಿಂದ್ರಾಕ ಆಗದ ಅಕ್ಕನ ಮಂಚದ ಮ್ಯಾಲ ಕುಂತ್ರು. ಕುಂತ ಮ್ಯಾಲ ಅತ್ರು. ಬಾಳ ಹೊತ್ತು. ಖಾಜಾ ಭಾಯ್ ಚೀರಿದ್ದಕ್ಕ ನನ್ನ ಕಾಲು ತಾಗಿ ಚೆಲ್ಲಿದ್ದ ಮಂಡಾಳು ನಾನು ಆರಿಸಿ ತಾಟಿಗಿ ಹಾಕಾಕತ್ತಿದ್ನಿ, ಒಂದೊಂದ.

ಕಡಿಗಿ ಮೂಗು ಒರಿಸಿಕೊಂಡು, "ಕಿಟಕಿ ತಗೀಪ್ಪ, ಧಗಿ ಆಗಾಕತ್ಯದ" ಅಂದ್ರು.

ಆ ಕಥಿ ಹೊಗಲಾರದ ಮನಿ ಇಲ್ಲ. "ಯಾರೂ ಇಲ್ಲದ ಖೋಲ್ಯಾಗ ಹೂಂ ಅಂದದ್ದು ಯಾರು?" ಅಂತ ಮಂದಿ ಇನ್ನೂ ಬರಿಯಾಕತ್ಯಾರ. ಗಿಲ್ಲೆಸುಗೂರಿನ ಒಬ್ಬಾತ ಮೂರು ದಿನ ಬಚ್ಚಲಕ್ಕ ಹೋಗಿಲ್ಲಂತ. ಇಂಥಾ ಕೊನಿ ಎಲ್ಲಿ ಕಲತ್ರಿ ಅಂತ ಮೇಡಂಗ ಕೇಳ್ತಾರ. ಬೇಕಂತ ಕಟ್ಟಿದ ಗುಡ್ಡದ ಮ್ಯಾಲ ಬ್ಯಾಡಂದ್ರೂ ಬಿದ್ದ ಒಂದು ಕಲ್ಲು ನನ್ನ ಆ ಹೂಂ.

ಆಮ್ಯಾಲ ಕೆಲಸದ ರೀತಿನ ಬದಲಾತು. ಮೇಡಂಗ ಈಗ ಎದುರಿಗಿ ಯಾರೂ ಬೇಕಾಗಂಗಿಲ್ಲ, ಒಬ್ರ ಕುಂತು ಗುಡ್ಡದ ಮ್ಯಾಲ ಗುಡ್ಡ ಹತ್ತಿ ಇಳೀತಾರ. ಅಕ್ಕನ ಖೋಲ್ಯಾಗ ಬೆಂಚು ಹಾಕ್ಯಾರ, ಐತವಾರ ಹುಡುಗ್ಯಾರು ಓದಾಕ ಬರ್ತಾರ, ಮನಿ ತುಂಬ ಗದ್ಲ. ಖಾಜಾ ಭಾಯ್ ನನ್ನ ಹೂಂ ಎಲ್ಲಾ ಬಿಡಿಸಿ ಕಂಪ್ಯೂಟರಿನ್ಯಾಗ ತುಂಬಿಕೊಂಡಾನ. ಬುಡದ್ದು ಬೇಕಂದ್ರ ಬುಡದ್ದು, ತುದೀದು ಬೇಕಂದ್ರ ತುದೀದು, ಬಟನ್ ಒತ್ತಿದ್ರ ಬರ್ತದ. "ನೀ ಆರಾಮ ಓದಲೇ, ನಿನ್ನ ಹೂಂ ದುಡೀತದ" ಅಂತಾನ. ಹಿಂಗ ನಾ ರಿಟೈರ್ ಆದ್ನಿ. ಹಾರ ಹಾಕಲಿಲ್ಲ, ಮಿರ್ಚಿ ಕೊಟ್ರು. ಮೇಡಂ ಸುಮ್ಮರೆ ಬಂದು ಕುಂದ್ರಪ್ಪ ಅಂತ ಕರೀತಾರ. ಪರೀಕ್ಷಿ ಅದ ರೀ ಅಂತೀನಿ. ಅಷ್ಟು ಮಾತಿನ ನಡುವ ಹೂಂ ಎಲ್ಲಿ ಇಡಬೇಕಂತ ತಿಳಿಯಂಗಿಲ್ಲ ನನಗ.

ಹೊಸಬರು ಕೇಳಿದ್ರ ಹೇಳ್ತೀನಿ, ಚೊಲೋ ನೌಕರಿ, ಬರ್ರಿ. ಗಂಟಲಾ ಕಾಯಕೋರಿ, ಮಂಡಾಳು ಮೆತ್ತಗ ತಿನ್ರಿ. ಒಂದೊಂದ ಸಲ ಊಟ ಆದ ಮ್ಯಾಲ ನಾನು ಆ ಕಥಿ ಹಚ್ಚಿಕೊಂಡು ಕೇಳ್ತೀನಿ. ಕೊನಿಗಿ ಮೇಡಂ ಒಳಗ ಯಾರೂ ಇರಲಿಲ್ಲ ಅಂತಾರ. ಊರೆಲ್ಲಾ ಅದನ್ನ ನಂಬಿ ಹೆದರ್ತದ.

ನಾ ಇದ್ನಿ.